ವಾಸದ ಭಾಗಕ್ಕೆ ಮಾತ್ರ

“ಸುಮ್ನೆ ರೈಲು ಬಿಡ್ಬೇಡಿ ಅಕ್ಕಾ, ಈ ಗಾಡಿ ಎಲ್ಲಿಗೂ ಹೋಗಿಲ್ಲ,” ಎನ್ನುತ್ತ ಗ್ಯಾರೇಜಿನ ಡ್ವೇನ್ ಕೈ ಒರೆಸಿಕೊಂಡು ಒಳಗೆ ಬಂದ.

ಮಾರ್ಲಿಸ್ ತಬ್ಬಿಬ್ಬಾದಳು. ಗಂಡ ವರ್ಲಿನ್‌ನ ಹುಟ್ಟುಹಬ್ಬಕ್ಕೆಂದು ಒಲೆ, ಹಾಸಿಗೆ ಎಲ್ಲ ಒಳಗೇ ಇರುವ ಅವನ ಮನೆಗಾಡಿಗೆ ಹೊಸ ವಾರಂಟಿ ಮಾಡಿಸಲು, ಅವನಿಗೆ ತಿಳಿಸದೆ ಗಾಡಿ ತಂದಿದ್ದಳು. ಅಪರೂಪಕ್ಕೆ ಪ್ರವಾಸ ಹೋಗುವವರಿಗೆ ಒಂದು ಬಗೆಯ ವಾರಂಟಿ, ಸದಾ ತಿರುಗುವವರಿಗೆ ಇನ್ನೊಂದು. ನಿಮ್ಮದು ಹೇಗೆ ಎಂದು ಡ್ವೇನ್ ಕೇಳಿದಾಗ ಅವಳು ಹೆಮ್ಮೆಯಿಂದಲೇ ಹೇಳಿದ್ದಳು: “ಹಿಮ ಬೀಳ್ಲಿ, ಬಿಸಿಲು ಸುಡ್ಲಿ, ಶುಕ್ರವಾರ ಬಂತು ಅಂದ್ರೆ ಉತ್ತರದ ಸರೋವರಕ್ಕೆ ಮೀನು ಹಿಡಿಯೋಕೆ ಹೊರಟ್ಬಿಡ್ತಾನೆ.”

“ಎಂಜಿನ್ ಮದುಮಗನ ಹಾಗಿದೆ, ಟೈರು ಸವೆದೇ ಇಲ್ಲ. ಹೀಟರ್, ಒಲೆ, ನೀರಿನ ಪಂಪು ಮಾತ್ರ ಸುಸ್ತಾಗಿ ಬಿದ್ದಿವೆ,” ಎಂದು ಡ್ವೇನ್ ನಕ್ಕ. “ನಿಮ್ಮೋರು ಪ್ರವಾಸ ಮಾಡ್ತಿಲ್ಲ ಅಕ್ಕಾ, ಇಲ್ಲೇ ಎಲ್ಲೋ ಸಂಸಾರ ಹೂಡಿದಾರೆ! ಓಡೋ ಭಾಗಕ್ಕೆ ದುಡ್ಡು ದಂಡ. ವಾಸದ ಭಾಗಕ್ಕೆ ಮಾತ್ರ ವಾರಂಟಿ ತಗೊಳ್ಳಿ.”

ತಮಾಷೆಗೆ ಅಂದದ್ದೇ. ಅವಳಿಗೆ ಮಾತ್ರ ಅದು ತಮಾಷೆಯೆನಿಸಲಿಲ್ಲ.

ಅಂದಿನಿಂದ ಎಲ್ಲವೂ ಬೇರೆಯಾಗಿಯೇ ಕಾಣತೊಡಗಿತು. ವರ್ಲಿನ್ ಒಂದು ಮೀನನ್ನೂ ಮನೆಗೆ ತಂದವನಲ್ಲ. ಹಿಡಿದು ಮತ್ತೆ ನೀರಿಗೇ ಬಿಡುತ್ತೇನೆ ಎನ್ನುತ್ತಿದ್ದ. ಪ್ರತಿ ಭಾನುವಾರ ಸರೋವರದಿಂದ ವಾಪಸು ಹೊರಡುವ ಮುಂಚೆ ತಪ್ಪದೆ ಫೋನು ಮಾಡುತ್ತಿದ್ದ. “ಮನೆ ಕಡೆ ಎಲ್ಲಾ ಆಯ್ತಾ? ನಾನಿನ್ನು ಹೊರಡ್ಲಾ?” ಎಷ್ಟು ಕಾಳಜಿ ಎಂದುಕೊಂಡಿದ್ದಳು, ಪೆದ್ದಿ.

ಅವಳದೂ ಒಂದು ಗುಟ್ಟಿತ್ತು, ಇಲ್ಲವೆನ್ನುವಂತಿಲ್ಲ. ವರ್ಲಿನ್ ಹಟಕ್ಕೆ ಬಿದ್ದು ಮಗಳು ಕರ್ಸ್ಟನ್‌ಳ ಮದುವೆಗೆ ಹೋಗಿರಲಿಲ್ಲ. ಅಪ್ಪನಿರುವ ಮನೆಗೆ ಕಾಲಿಡುವುದಿಲ್ಲವೆಂದು ಅವಳೂ ಆಣೆಯಿಟ್ಟಿದ್ದಳು. ಅವನು ಊರಲ್ಲಿಲ್ಲದಾಗ ಮಗುವನ್ನೆತ್ತಿಕೊಂಡು ಬಂದು, ಎರಡು ದಿನ ಇದ್ದು ಹೋಗುತ್ತಿದ್ದಳು. ಆದರೆ ತಾಯಿ ಮಗಳನ್ನು ಬಚ್ಚಿಡುವುದೂ ಗಂಡ ಇನ್ನೊಬ್ಬಳನ್ನು ಬಚ್ಚಿಡುವುದೂ ಒಂದೇ ಅಲ್ಲವಲ್ಲ.

ಶುಕ್ರವಾರ ವರ್ಲಿನ್ ಗಾಳ ಹೊತ್ತು ಹೊರಟ.

“ಈ ಸಲನಾದ್ರೂ ಮೀನು ತರ್ತೀಯಾ?”

“ಮೀನಿಗೆ ನನ್ ಮೇಲೆ ಕರುಣೆ ಬಂದ್ರೆ ತರ್ತೀನಿ.”

ಸಂಜೆ ಮಗಳು ಬಂದಳು. ಹಾಲು ಮುಗಿದಿದೆಯೆಂದು ಹೇಳಿ ಮಾರ್ಲಿಸ್ ಕಾರು ತೆಗೆದಳು. ಊರೊಳಗೆ ರಾತ್ರಿ ಕಳೆಯಲು ಮನೆಗಾಡಿಯವರಿಗೆ ಎಡೆಕೊಡುವುದು ಹೆದ್ದಾರಿ ಬದಿಯ ದೊಡ್ಡ ಅಂಗಡಿಯ ಅಂಗಳ ಮಾತ್ರ. ಅಲ್ಲೇ, ಮೂಲೆಯಲ್ಲಿ, ಅವರ ಗಾಡಿ ಪರದೆ ಎಳೆದುಕೊಂಡು ನಿಂತಿತ್ತು.

ಪರದೆಯ ಸಂದಿಯಲ್ಲಿ ಇಣುಕಿದಳು. ಮೇಜಿನ ಮೇಲೆ ಅರ್ಧ ಕೆತ್ತಿದ ಮರದ ಕುದುರೆ, ಪಕ್ಕದಲ್ಲಿ ಬಣ್ಣ ಬಳಿದ ಪುಟ್ಟ ಕರಡಿ, ಬಾತುಕೋಳಿ. ಹಾಗಾದರೆ ಮಗುವೂ ಇದೆ! ಇಷ್ಟು ವರ್ಷದ ಬಾಳ್ವೆ ಮಣ್ಣುಪಾಲಾಯಿತಲ್ಲ ಎಂದು ಅಳು ಒತ್ತಿಕೊಂಡು ಬಂತು. ಬಾಗಿಲನ್ನು ದಬದಬ ಗುದ್ದಿದಳು.

“ತೆಗಿ ಬಾಗ್ಲು! ಯಾರನ್ನ ಇಟ್ಕೊಂಡಿದೀಯ ಒಳಗೆ?”

ವರ್ಲಿನ್ ಬಾಗಿಲು ತೆರೆದ. ಕೈಯಲ್ಲಿ ಒಂದು ಚಮಚ, ಹಿಂದೆ ಒಂದೇ ತಟ್ಟೆ, ಒಂದೇ ಕುರ್ಚಿ. ಅವಳ ಭುಜದಾಚೆ ಖಾಲಿ ಕಾರನ್ನು ನೋಡಿ ಅವನ ಮುಖ ಬಾಡಿತು.

“ಕರ್ಸ್ಟನ್ ಯಾಕೆ ಇಷ್ಟು ಬೇಗ ಹೊರಟ್ಬಿಟ್ಲು ಮಾರ್ಲಿ, ನಾನು ಊರಲ್ಲೇ ಇರೋದು ಅವಳಿಗೆ ಗೊತ್ತಾಗಿಹೋಯ್ತಾ?”