ರಜೆ ಹಾಕದ ಮ್ಯಾನೇಜರ್

ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರಿನ ಶೀಟಿನ ತುಂಬ ತಪ್ಪಿನ ಕೆಂಪು ಹತ್ತಿಕೊಂಡಿತು. ಆಫೀಸಿನವರೆಲ್ಲ ವರದಿ ಅಕ್ಕ ಎಂದು ಕರೆಯುವವಳು ಕುರ್ಚಿ ಎಳೆದು ಕೂತಳು. ಹನ್ನೊಂದಕ್ಕೆ ತಪಾಸಣೆ. ಒಂದೇ ಒಂದು ಖಾನೆ ತಪ್ಪಿದ್ದರೂ ಅವಳ ಕೆಲಸಕ್ಕೆ ಕತ್ತರಿ ಎಂದು ಪತ್ರ ಬಂದಿತ್ತು.

ಹೆಡ್ ಆಫೀಸು ಕಳಿಸುವ ಪಟ್ಟಿಯಿಂದ ಶೀಟು ತಾನಾಗಿ ವರದಿ ಹೊರಡಿಸುತ್ತಿತ್ತು: ಯಾರು ಎಲ್ಲಿ ಕೂರಬೇಕು, ಯಾವ ಸಾಮಾನು ಎಲ್ಲಿರಬೇಕು. ಅದು ಹೇಳಿದ್ದೇ ಆಫೀಸಿಗೆ ವೇದವಾಕ್ಯ. ಹೆಡ್ ಆಫೀಸಿನ ಪುಣ್ಯಾತ್ಮರು ಮಾತ್ರ ಹೇಳದೆ ಕೇಳದೆ ಕಾಲಂ ಬದಲಿಸುತ್ತಿದ್ದರು. ಕೆಂಪು ಅಳಿಸುವುದೇ ಅಕ್ಕನ ಉದ್ಯೋಗ.

ಇವತ್ತು ‘ಕೊಠಡಿ’ ಹೋಗಿ ‘ಸ್ಥಳ’ ಆಗಿತ್ತು, ಅಷ್ಟೇ. ಸೂತ್ರದಲ್ಲಿ ಹೆಸರು ತಿದ್ದಿದಳು, ಕೆಂಪು ಮಾಯ. ಮೂರು ತಿಂಗಳ ಹಿಂದಿನ ಬದಲಾವಣೆ ಇಷ್ಟು ಸುಲಭವಿರಲಿಲ್ಲ. ನೌಕರರ ಪಟ್ಟಿಗೂ ಸಾಮಾನಿನ ಪಟ್ಟಿಗೂ ಗಂಟು ಹಾಕಿ, ಹೆಸರಿನ ಕಾಲಂ ಕಿತ್ತು, ಎಲ್ಲಕ್ಕೂ ನಂಬರು ಕೊಟ್ಟಿದ್ದರು. ಕೊನೆಯ ಎರಡು ನಂಬರು ಏನು ಮಾಡಿದರೂ ಹೊಂದಲಿಲ್ಲ. ಅಂದಾಜಿನ ಮೇಲೆ ಎರಡಕ್ಕೂ ಜಾಗ ತೋರಿಸಿ ಊಟಕ್ಕೆ ಎದ್ದಿದ್ದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಅಮ್ಮನ ಮಾತು ಈಗೇಕೋ ನೆನಪಾಯಿತು.

ಹೊಸ ಮ್ಯಾನೇಜರ್ ನೇಮಕವಾದದ್ದೂ ಆಗಲೇ. ಮನುಷ್ಯನಿಗಿಂತ ಮೊದಲು ಕೀರ್ತಿ ಬಂದಿತ್ತು: ಅನುಮತಿ ಚೀಟಿಯಿಲ್ಲದೆ ಒಂದು ಹೆಜ್ಜೆ ಇಡದವರು, ಕರೆಯದೆ ಒಳಗೆ ಬಂದವರನ್ನು ಮನೆಗೆ ಕಳಿಸುವವರು. ಹೆದರಿ ಯಾರೂ ಬಾಗಿಲು ತಟ್ಟಲಿಲ್ಲ. ಫೈಲುಗಳನ್ನು ಕೆಳಗಿನ ಸಂದಿಯಲ್ಲಿ ತೂರಿಸಿದರು. ಮೂರು ದಿನದಲ್ಲಿ ಆಕ್ಷೇಪ ಬರದಿದ್ದರೆ ಒಪ್ಪಿಗೆ ಎಂಬುದು ನಿಯಮ. ಒಂದೂ ಆಕ್ಷೇಪ ಬರಲಿಲ್ಲ. ಕೇಳಿದವರಿಗೆಲ್ಲ ರಜೆ ಸಿಕ್ಕಿತು. ದೇವರಂಥ ಮನುಷ್ಯ ಎಂದು ಆಫೀಸು ಕೊಂಡಾಡಿತು.

ಹತ್ತೂವರೆಗೆ ಸ್ಟೋರ್ ಕೀಪರ್ ಬಂದ. ಪಟ್ಟಿಯಲ್ಲಿರುವುದೆಲ್ಲ ಅವನಿಗೆ ಮಾಲು. ಅದರಾಚೆ ತಲೆ ಕೆಡಿಸಿಕೊಳ್ಳುವವನಲ್ಲ.

“ಅಕ್ಕಾ, ಆ ನಾನೂರ ಹದಿನೆಂಟನೇ ನಂಬರನ್ನ ಯಾವಾಗ ಸಾಗಹಾಕ್ತೀರಿ? ಧೂಳು ಒರೆಸಿ ಒರೆಸಿ ಸಾಕಾಯ್ತು.”

“ವರದಿಯಲ್ಲಿ ಏನಿದೆ?”

“ಸ್ಟೋರು, ಮೂಲೆ. ಚೀಟಿ ಬರೋವರೆಗೂ ಕದಲಿಸಬಾರದು.”

“ಅಲ್ಲೇ ಇರಲಿ ಬಿಡಣ್ಣ. ಇವತ್ತೊಂದಿನ ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

ಹನ್ನೊಂದಕ್ಕೆ ಬಂದ ತಪಾಸಣೆಯ ಮೇಡಂ ವರದಿ ನೋಡಿ ಹುಬ್ಬೇರಿಸಿದರು. “ಮೂರು ತಿಂಗಳಲ್ಲಿ ಒಂದು ರಜೆ ಇಲ್ಲ! ಕೋಣೆ ಬಿಟ್ಟು ಹೊರಗೇ ಬಂದಿಲ್ಲ! ಈ ಮ್ಯಾನೇಜರನ್ನ ನೋಡ್ಲೇಬೇಕು.”

ಒಳಗೆ ಫೈಲು ಒಟ್ಟಿಕೊಂಡಿದ್ದರಿಂದ ಬಾಗಿಲನ್ನು ಭುಜ ಕೊಟ್ಟು ನೂಕಬೇಕಾಯಿತು. ಕಿಟಕಿಗೆ ಮುಖ ಮಾಡಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಎತ್ತರದ ಹೊಸ ಕುರ್ಚಿಯೊಂದಿತ್ತು. ಕುರ್ಚಿಯಲ್ಲಾಗಲಿ ಕೋಣೆಯಲ್ಲಾಗಲಿ ಯಾರೂ ಇರಲಿಲ್ಲ.

ಮೇಡಂ ಕುರ್ಚಿಗೆ ಕಟ್ಟಿದ ನಂಬರಿನ ಬಿಲ್ಲೆ ಓದಿ, ವರದಿಯಲ್ಲಿ ಗುರುತು ಹಾಕಿದರು.

“ನಾನೂರ ಹದಿನೇಳು, ಮ್ಯಾನೇಜರ್ ಕೋಣೆ. ಸರಿ ಇದೆ. ಹದಿನೆಂಟು ಎಲ್ಲಿ?”

ಅಕ್ಕ ಆಗಲೇ ಸ್ಟೋರಿಗೆ ಓಡುತ್ತಿದ್ದಳು, ಮೇಡಂ ಹಿಂದೆಯೇ ಬಂದರು. ಮೂಲೆಯ ಸ್ಟೂಲಿನ ಮೇಲೆ, ಟೈ ಕಟ್ಟಿ, ಮೈಮೇಲೆ ಚೂರೂ ಧೂಳಿಲ್ಲದೆ, ಒಬ್ಬರು ನೆಟ್ಟಗೆ ಕೂತಿದ್ದರು. ಕೊರಳಲ್ಲಿ ನಾನೂರ ಹದಿನೆಂಟರ ಬಿಲ್ಲೆ.

“ಒಳ್ಳೇ ಮಾಲು ಮೇಡಂ,” ಎಂದ ಸ್ಟೋರ್ ಕೀಪರ್. “ಸಂಜೆ ಐದಕ್ಕೆ ತಾನೇ ಹೋಗುತ್ತೆ, ಬೆಳಿಗ್ಗೆ ಒಂಬತ್ತಕ್ಕೆ ತಾನೇ ಬರುತ್ತೆ.”

ಮೇಡಂ ಬಿಲ್ಲೆ ನೋಡಿ ಇನ್ನೊಂದು ಗುರುತು ಹಾಕಿದರು. “ಸ್ಟೋರು, ಮೂಲೆ. ಒಂದು ಖಾನೆಯೂ ತಪ್ಪಿಲ್ಲ.”

ಕೆಲಸ ಉಳಿಯಿತು. ಅಕ್ಕನಿಗೆ ಅಳು ಬಂತು. “ಸರ್, ದಯವಿಟ್ಟು ಹೊರಗೆ ಬನ್ನಿ,” ಎಂದು ಕೈ ಮುಗಿದಳು.

“ಚೀಟಿ ತಂದಿದ್ದೀರಾ?” ಎಂದರು ಹೊಸ ಮ್ಯಾನೇಜರ್.