ಕತ್ತರಿಯ ಮೊದಲ ತುತ್ತು

ನಿಪ್ಪಾಣಿ ಸಂತೆಯಲ್ಲಿ ಕೊಂಡ ಹೊಸ ಕತ್ತರಿಯನ್ನು ಚೀಲದೊಳಗಿಟ್ಟುಕೊಂಡು ಸಕ್ಕುಬಾಯಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದರೆ, ಮಗಳು ಲಗಮವ್ವ ಚೈನೀಸ್ ಗಾಡಿಯ ಮುಂದೆ ನಿಂತುಬಿಟ್ಟಳು. ಹೊತ್ತು ಮುಳುಗುತ್ತಿತ್ತು. ಎತ್ತಿನ ಚಿತ್ರ ಬರೆದೇ ಕೈ ಪಳಗಿದ ಪೇಂಟರ್ ಯಾರೋ ಗಾಡಿಯ ಹಲಗೆಯ ಮೇಲೆ ಬೆಂಕಿ ಉಗುಳುವ ಸರ್ಪ ಬರೆದಿದ್ದ. ಅದಕ್ಕೆ ಎರಡು ಕೋಡು ಮೂಡಿದ್ದವು. ಅದರ ಬಾಯಿಂದಲೇ ಬಂತೇನೋ ಎನ್ನುವಂತೆ ಬಾಣಲೆಯ ಸುತ್ತ ಉರಿ ಎದ್ದು ಇಳಿಯುತ್ತಿತ್ತು.

"ಅವ್ವಾ, ಒಂದ ಪ್ಲೇಟ್ ಕೊಡಸ. ನಾಳಿಂದ ಏನೂ ಕೇಳೂದಿಲ್ಲ," ಎಂದಳು ಲಗಮವ್ವ.

ನಾಳೆ ಶುಕ್ರವಾರ. ಅತ್ತೆ ಸತ್ತೆವ್ವ ಹೊಸ ಕತ್ತರಿಗೆ ಅರಿಷಿಣ ಕುಂಕುಮ ಹಚ್ಚಿ, ಅದರಿಂದ ಮೊದಲ ಬೀಡಿ ಎಲೆ ಕತ್ತರಿಸಿ ಮೊಮ್ಮಗಳ ಕೈಗೆ ಕೊಡುವವಳಿದ್ದಳು. ಆ ಮನೆಯ ಹೆಂಗಸರು ಬೀಡಿ ಕಟ್ಟಲು ಕೂಡುವುದೇ ಹಾಗೆ. ಹೊಸ ಕತ್ತರಿ ಮೊದಲು ಕಚ್ಚಬೇಕಾದದ್ದು ಎಲೆಯನ್ನು. ಅಡಿಗೆ ಪದಾರ್ಥ ಮುಟ್ಟಿ ಮುಸುರೆಯಾಯಿತೋ, ಅದು ಬೀಡಿಗೆ ಬಾರದು ಎಂಬುದು ಸತ್ತೆವ್ವನ ನೇಮ. ಏಳನೇ ಪಾಸಾದ ಹುಡುಗಿ ಸೋಮವಾರದಿಂದ ಹೈಸ್ಕೂಲಿಗೆ ಹೋಗಬೇಕಿತ್ತು. ಓದಿದ್ದು ಸಾಕು, ಬೆರಳು ಎಳಸಾಗಿರುವಾಗಲೇ ಕೈ ಪಳಗಬೇಕು ಎಂದು ಮುದುಕಿ ಅಂದಿದ್ದಳು. ಆ ಮನೆಯಲ್ಲಿ ಅತ್ತೆಗೆ ಎದುರಾಡಿದವರಿಲ್ಲ. ಮಗಳೂ ಅತ್ತಿರಲಿಲ್ಲ; ಪಾಟಿಚೀಲವನ್ನು ತೊಳೆದು, ಮಡಚಿ, ಮಾಡದಲ್ಲಿ ಇಟ್ಟುಬಿಟ್ಟಿದ್ದಳು.

ಗಾಡಿಯ ಮೈಬೂಬ ಪುಣೆಯ ಹೋಟೆಲಿನಲ್ಲಿ ಕೆಲಸ ಕಲಿತು ಬಂದವನು. ಕೋಬಿ, ಉಳ್ಳಾಗಡ್ಡಿ, ಕೆಂಪು ಸಾಸು ಸುರಿದು, ಎಳೆಎಳೆಯಾದ ನೂಡಲ್ಸನ್ನು ಗಾಳಿಗೆ ತೂರಿ ಮತ್ತೆ ಬಾಣಲೆಯಲ್ಲೇ ಹಿಡಿಯುತ್ತಿದ್ದ. ಇದು ಶಾವಿಗೆಯೇ ಅಲ್ಲವೇನೋ ತಮ್ಮಾ ಎಂದು ಸಕ್ಕುಬಾಯಿ ಕೇಳಿದಳು.

"ಶಾವಿಗಿ ತಂಗಿ ಅಂತ ತಿಳೀರಿ ಅಕ್ಕಾ. ದೂರದ ಊರಿಗೆ ಕೊಟ್ಟಿದ್ರು, ಖಾರ ತಿನ್ನೂದ ಕಲತ ಬಂದಾಳ."

ಇಬ್ಬರ ನಡುವೆ ಒಂದು ಪ್ಲೇಟು ಬಂತು. ರೂಢಿಯಂತೆ ಕೈ ಹಾಕಿದ ಸಕ್ಕುಬಾಯಿ ಬೆರಳು ಚುರ್ ಅಂದದ್ದಕ್ಕೆ ಹಿಂದೆಗೆದಳು. ಮೈಬೂಬ ನಕ್ಕು ಇಬ್ಬರಿಗೂ ಮುಳ್ಳಿನ ಚಮಚ ಕೊಟ್ಟ. ಎಳೆಗಳು ಜಾರಿದವು, ಮತ್ತೆ ಜಾರಿದವು. ಕೊನೆಗೊಂದು ತುತ್ತು ಬಾಯಿ ಸೇರಿತು. ಸೇರಿದ ಮೇಲೆ ಆಕೆ ಕಾದಳು. ಏನು ತಿಂದರೂ ಅದರ ಬೆನ್ನಿಗೇ ಒಂದು ಕಹಿ ಬರುತ್ತಿತ್ತು, ತಂಬಾಕಿನ ಕಹಿ. ಮದುವೆಯಾಗಿ ಬಂದು ಬೀಡಿಗೆ ಕೂತಂದಿನಿಂದ ಅದು ಬೆರಳಲ್ಲೇ ಮನೆ ಮಾಡಿತ್ತು. ಹುಣಸೆಹಣ್ಣು, ಬೂದಿ, ಸಾಬೂನು, ಯಾವುದಕ್ಕೂ ಜಗ್ಗಿರಲಿಲ್ಲ. ಹೋಳಿಗೆಗೂ ಅದೇ ಕಹಿ, ಮಜ್ಜಿಗೆ ಅನ್ನಕ್ಕೂ ಅದೇ. ಲಗಮವ್ವ ಕೂಸಾಗಿದ್ದಾಗ ಅವ್ವನ ಕೈತುತ್ತಿಗೆ ಮುಖ ಕಿವುಚಿ ತಿರುವುತ್ತಿದ್ದಳು.

ಇವತ್ತು ಕಹಿ ಬರಲಿಲ್ಲ. ಬೆರಳಿಗೂ ಬಾಯಿಗೂ ನಡುವೆ ಚಮಚ ನಿಂತಿತ್ತು.

ಹೆದ್ದಾರಿಯ ಲಾರಿಗಳ ಸದ್ದು ನೀರಿನಡಿಯಿಂದ ಬಂದಂತೆ ದೂರವಾಯಿತು. ಬಾಣಲೆಯ ಹೊಗೆಯಾಚೆ ಐಗಳಿಯ ತವರುಮನೆಯ ಕಟ್ಟೆ ತೇಲಿಬಂತು. ಕಟ್ಟೆಯ ಮೇಲೆ ಲಂಗದ ಹುಡುಗಿಯೊಬ್ಬಳು, ಮದುವೆಗೆ ಮುಂಚಿನ ತಾನೇ, ಮೊಸರು ರೊಟ್ಟಿ ತಿಂದು ಮುಗಿಸಿ, ಬೆರಳುಗಳನ್ನು ಒಂದೊಂದಾಗಿ ನೆಕ್ಕುತ್ತ ಕೂತಿದ್ದಳು, ಹೊತ್ತು ಮುಳುಗುವುದೇ ಇಲ್ಲವೇನೋ ಅನ್ನುವಷ್ಟು ನಿಧಾನಕ್ಕೆ. ಸಕ್ಕುಬಾಯಿ ಕಣ್ಣು ಮುಚ್ಚಿ ತೆರೆದಳು. ಹುಡುಗಿ ಅಲ್ಲೇ ಇದ್ದಳು. ಚಮಚ ಬದಿಗಿಟ್ಟು ಕೈಯಿಂದಲೇ ತಿನ್ನುತ್ತಿದ್ದ ಲಗಮವ್ವ, ಹೆಬ್ಬೆರಳಿಗೆ ಹತ್ತಿದ ಸಾಸನ್ನು ಅರೆಗಣ್ಣು ಮುಚ್ಚಿ ನೆಕ್ಕುತ್ತಿದ್ದಳು. ಗಲ್ಲದ ಮೇಲೊಂದು ಉದ್ದನೆಯ ಎಳೆ ಜೋತಾಡುತ್ತಿತ್ತು.

"ತಡಿ, ಉದ್ದ ಅದಾವು," ಎಂದು ಸಕ್ಕುಬಾಯಿ ಚೀಲ ಬಿಚ್ಚಿದಳು, ಕಾಗದ ಬಿಚ್ಚಿದಳು, ಹೊಸ ಕತ್ತರಿಯನ್ನು ಪ್ಲೇಟಿನೊಳಗೆ ಆಡಿಸಿದಳು. ನೂಡಲ್ಸು ಬೀಡಿಯಳತೆಗೆ ಸರಿಯಾಗಿ ತುಂಡಾಗಿ ಬಿತ್ತು. ಪುಣೆಯಲ್ಲಿ ಎಂತೆಂಥವರಿಗೋ ಬಡಿಸಿದ್ದೇನೆ, ನೂಡಲ್ಸಿಗೆ ಕಟಿಂಗ್ ಮಾಡಿದವರನ್ನು ಇವತ್ತೇ ಕಂಡೆ ಎಂದು ಮೈಬೂಬ ನಕ್ಕ. ಲಗಮವ್ವನ ಕೈ ಮಾತ್ರ ಬಾಯಿಯ ಹತ್ತಿರವೇ ನಿಂತುಹೋಯಿತು.

"ಅವ್ವಾ, ಅದು ನಾಳಿನ ಪೂಜಿ ಕತ್ತರಿ. ಮುಸುರಿ ಆತು."

"ಹೌದಲ್ಲ," ಎಂದಳು ಸಕ್ಕುಬಾಯಿ, ಕತ್ತರಿಯ ಬಾಯಿಗೆ ಅಂಟಿದ್ದ ಕೋಬಿಯ ಚೂರನ್ನು ನೋಡುತ್ತ. ದನಿಯಲ್ಲಿ ಗಾಬರಿ ಇರಲಿಲ್ಲ. "ಕೈಗೆ ರೂಢಿ ನೋಡು. ತಿಳೀಲೇ ಇಲ್ಲ."

"ಆಯಿ ಬೈತಾಳ," ಎಂದು ಲಗಮವ್ವ ಅಜ್ಜಿಯನ್ನು ನೆನೆದಳು.

"ನನ್ನ ಬೈತಾಳ, ನಿನಗೇನು? ನೀ ಸೋಮಾರ ಸಾಲಿಗೆ ಹೋಗ. ನಿನ್ನ ಕೈಗೊಂದ ಕತ್ತರಿ ಇಲ್ಲದ ಮನ್ಯಾಗ ಕೂತ ಏನ ಮಾಡತಿ?"

ಹುಡುಗಿ ಬಾಯಲ್ಲಿದ್ದುದನ್ನು ಮೆಲ್ಲಗೆ ಅಗಿದು ನುಂಗಿದಳು. "ಮುಂದಿನ ಸಂತಿಗೆ ಮತ್ತೊಂದ ತಾ ಅಂತಾಳ ಆಯಿ."

ಸಕ್ಕುಬಾಯಿ ಕತ್ತರಿಯನ್ನು ಒರೆಸದೆಯೇ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಆಮೇಲೆ ತನ್ನ ಚಮಚ ತುಂಬಿ ಮಗಳ ಬಾಯಿಗೆ ಹಿಡಿದಳು. ಈ ತುತ್ತಿಗೆ ಲಗಮವ್ವ ಮುಖ ತಿರುವಲಿಲ್ಲ.

"ತರೂಣಂತ," ಎಂದಳು ಸಕ್ಕುಬಾಯಿ. "ಸಂತಿಗೆ ಬಂದ್ರ ಮತ್ತ ಹಸಿವ ಆಗೂದ ಐತಿ, ಎಳಿ ಉದ್ದ ಇರೂದ ಐತಿ."