ಮನೆಯದೇ ಮೇಲ್

ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ವಾರಗಟ್ಟಲೆ ಗುದ್ದಾಡಿ, ಅವನು ಕೊನೆಗೂ ಮನೆಯದೇ ಒಂದು ಮೇಲ್ ಸರ್ವರ್ ಶುರುಮಾಡಿದ. ಹೆಂಡತಿಗೂ ಹೊಸ ಮೇಲ್ ವಿಳಾಸ ಮಾಡಿಕೊಟ್ಟ.

“ಇನ್ನು ನಮ್ಮ ಮೇಲ್ ಯಾವ ಕಂಪನಿಯವರ ಕೈಗೂ ಸಿಗಲ್ಲ. ಎಲ್ಲಾ ಈ ಡಬ್ಬದೊಳಗೇ ಇರುತ್ತೆ.”

“ಡಬ್ಬದ ಬೀಗದ ಕೈ ಯಾರ ಹತ್ರ?”

“ನನ್ನ ಹತ್ರ. ಆದ್ರೆ ನಿನ್ನ ಮೇಲ್ ನಾನ್ಯಾಕೆ ಓದಲಿ? ಅಷ್ಟೂ ನಂಬಿಕೆ ಇಲ್ವಾ?”

“ಅಯ್ಯೋ, ಇದೆ ಬಿಡಿ” ಎಂದವಳು ಆ ಸಂಜೆಯೇ ಕೂತು ಅಕ್ಕನಿಗೆ ಉದ್ದನೆಯ ಮೇಲ್ ಬರೆದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಅವನೇ ಕಾಫಿ ಮಾಡಿ ತಂದುಕೊಟ್ಟ. ಆದರೆ ಎಂದಿನಂತೆ ಕಂಪ್ಯೂಟರಿನ ಮುಂದೆ ಹೋಗಿ ಕೂರದೆ ಅವಳೆದುರಿಗೇ ನಿಂತ.

“ಏನ್ರೀ, ಹೀಗೆ ನಿಂತುಬಿಟ್ರಿ?”

“ನೀನು ಕುಡಿದು ಮುಗಿಸೋದನ್ನ ನೋಡೋಣ ಅಂತ.”

“ದಿನಾ ಕುಡಿಯಲ್ವಾ?”

“ಎಲ್ಲಿ ಕುಡೀತೀಯ! ನಾನು ಮಾಡಿದ ಕಾಫಿನೆಲ್ಲ ಬಾಲ್ಕನಿಯ ದಾಸವಾಳದ ಬುಡಕ್ಕೆ ಸುರೀತೀಯಂತೆ.”

ಅವಳು ನಿಧಾನವಾಗಿ ಲೋಟ ಖಾಲಿ ಮಾಡಿದಳು. ಆಮೇಲೆ ಅವನ ಕೈ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋದಳು. ಅಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿಟ್ಟರೆ ಬೇರೇನೂ ಇರಲಿಲ್ಲ.

“ಎಲ್ಲಿದೆ ರೀ ದಾಸವಾಳ?”